ಬೇಸಿಗೆಗೆ ಸೀಳದ ಮಣೆ: ಮರ ತರುವುದರಿಂದ ಎಣ್ಣೆ ಹಚ್ಚುವವರೆಗೆ

ಹೋದ ಎರಡು ಬೇಸಿಗೆಯಲ್ಲಿ ನನಗೆ ಬಂದ ಫೋಟೊಗಳೆಲ್ಲ ಒಂದೇ ಥರದವು. ಕೂರುವ ಹೊಸ ಮಣೆ, ನಟ್ಟನಡುವೆ ಉದ್ದಕ್ಕೂ ಸೀಳು. ಕಲಬುರಗಿಯಿಂದ, ಹುಮನಾಬಾದಿನಿಂದ, ಶಹಾಪುರದಿಂದ ಬಂದ ಪ್ರಶ್ನೆಯೂ ಒಂದೇ: "ಸಾಗವಾನಿ ಅಂತ ಕೊಟ್ಟಾರ್ರಿ, ಮೋಸ ಮಾಡ್ಯಾರೇನು?" ಮೋಸ ಆಗಿಲ್ಲ. ಮರ ಸಾಗವಾನಿಯೇ. ಹಸಿ ಹಲಗೆಗೆ ಅಡ್ಡ ಕಾಲು ಅಂಟಿಸಿ, ಮೇಲೆ ನಾಲ್ಕು ಮೊಳೆ ಜಡಿದು, ಬೇಸಿಗೆಗೆ ಬಿಟ್ಟಿದ್ದೀರಿ. ಅಷ್ಟೇ ಆಗಿರುವುದು.

ನನ್ನ ಮೊದಲ ಮಣೆಯೂ ಹೀಗೇ ಹೋಯಿತು. ಏಪ್ರಿಲ್ ರಾತ್ರಿ, ಎಲ್ಲರೂ ಮಲಗಿದ ಮೇಲೆ, ಅಡುಗೆಮನೆಯಿಂದ ಠಪ್ ಅಂತ ಸದ್ದು. ಬೆಕ್ಕು ಏನೋ ಬೀಳಿಸಿತು ಅಂದುಕೊಂಡೆವು. ಬೆಳಿಗ್ಗೆ ನೋಡಿದರೆ ಮಣೆಯ ಸೀಳಿನಲ್ಲಿ ಒಂದು ರೂಪಾಯಿ ನಾಣ್ಯ ನಿಲ್ಲುವಷ್ಟು ಸಂದು. ಓಣಿಯ ಬಡಿಗ ಕಾಕಾ ಅದನ್ನು ತಿರುವಿ ನೋಡಿ ಹೇಳಿದ್ದು ಇಷ್ಟು: "ಮಳಿಗಾಲಕ್ಕ ಹಲಗಿ ಉಬ್ತದ, ಬ್ಯಾಸಗಿಗಿ ಸಣ್ದಾಗ್ತದ. ನೀ ನಾಕೂ ಕಡಿ ಮೊಳಿ ಜಡದಿ. ಅದು ಎಲ್ಲಿಗಿ ಹೋಗಬೇಕ ತಮ್ಮಾ?"

ಈ ಬರಹ ಒಂದೇ ಮಣೆಯ ಮೇಲಿದೆ: 450 ಮಿ.ಮೀ. ಉದ್ದ, 300 ಅಗಲ, 20 ದಪ್ಪ, ಕೆಳಗೆ ಎರಡು ಅಡ್ಡ ಕಾಲು. ಯಾವ ಸಾಮಾನು ಬೇಕು, ಯಾವುದು ಬೇಡ ಎಂಬುದೂ ಇದರೊಳಗೇ ಬರುತ್ತದೆ. ಹಂತಗಳ ಕ್ರಮ ಬದಲಿಸಬೇಡಿ. ಮುಕ್ಕಾಲು ಪಾಲು ಜನ ಸೋಲುವುದು ಕೈ ಸರಿಯಿಲ್ಲದೆ ಅಲ್ಲ, ಕ್ರಮ ತಪ್ಪಿ.

ಹಂತ 1: ಮೊದಲು ಮರ ತನ್ನಿ, ಮಷೀನು ಅಲ್ಲ

ಹೊಸಬರು ಮೊದಲು ಡ್ರಿಲ್ಲು, ಕಟರ್ರು ಕೊಳ್ಳುತ್ತಾರೆ. ಆಮೇಲೆ ಶನಿವಾರ ಮರ ತಂದು ಭಾನುವಾರ ಕೊಯ್ಯುತ್ತಾರೆ. ತಿರುವುಮುರುವು ಮಾಡಿ. ಮರಕ್ಕೆ ನಿಮ್ಮ ಮನೆಯಲ್ಲಿ ಕೂತು ಒಣಗಲು ತಿಂಗಳುಗಳು ಬೇಕು, ಸಾಮಾನು ಕೊಳ್ಳಲು ಒಂದು ಸಂಜೆ ಸಾಕು. ಎಳ್ಳಮಾಸಿ (ಎಳ್ಳು ಅಮಾವಾಸ್ಯೆ, ಡಿಸೆಂಬರ್-ಜನವರಿ) ಹೊತ್ತಿಗೆ ಹಲಗೆ ತಂದರೆ ಯುಗಾದಿ ಹೊತ್ತಿಗೆ ಕೆಲಸ ಹಿಡಿಯಬಹುದು.

ಯಾವ ಮರ? ಮೊದಲ ಮಣೆಗೆ ಸಾಗವಾನಿ, ಇಲ್ಲವೇ ಮಾವು. ಬೇವು ಹೊಲದಲ್ಲೇ ಸಿಗುತ್ತದೆ ಅಂತ ಅದಕ್ಕೆ ಕೈ ಹಾಕಬೇಡಿ. ಬೇವಿನ ಎಳೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ, ರಂದಾ (ಹಲಗೆ ಹೆರೆದು ಮಟ್ಟ ಮಾಡುವ ಸಾಧನ) ಎತ್ತ ಹೊಡೆದರೂ ಕಿತ್ತು ಬರುತ್ತದೆ. ಜಾಲಿ ಗಟ್ಟಿ, ಬಂಡಿಗೂ ಕುಂಟೆಗೂ ಅದೇ ಸೈ, ಆದರೆ ಹೊಸ ಕೈಗೆ ಅಲ್ಲ. ಸಾಗವಾನಿಯಲ್ಲೂ ಒಂದು ಕಿರಿಕಿರಿ ಇದೆ: ಅದರೊಳಗಿನ ಸಿಲಿಕಾ ಉಳಿಯ ಬಾಯನ್ನು ಬೇಗ ಮೊಂಡು ಮಾಡುತ್ತದೆ. ಅಡ್ಡಿಯಿಲ್ಲ, ಮಸೆಯುವುದು ಹೇಗಿದ್ದರೂ ಕಲಿಯಲೇಬೇಕು.

ಸಾ ಮಿಲ್‌ನಲ್ಲಿ ಲೆಕ್ಕ ಘನ ಅಡಿಯಲ್ಲಿ. 4 ಅಡಿ ಉದ್ದ, 1 ಅಡಿ ಅಗಲ, 1 ಇಂಚು ದಪ್ಪದ ಹಲಗೆ ಅಂದರೆ ಒಂದು ಘನ ಅಡಿಯ ಮೂರನೇ ಒಂದು ಪಾಲು. ಮನೆಯಿಂದ ಹೊರಡುವ ಮುಂಚೆಯೇ ಇದನ್ನು ಗುಣಿಸಿಟ್ಟುಕೊಳ್ಳಿ, ಅಲ್ಲಿ ನಿಂತು ಬೆರಳೆಣಿಸಬೇಡಿ. ಅವರು "ಸೂತ" ಅಂದರೆ ಇಂಚಿನ ಎಂಟನೇ ಒಂದು ಪಾಲು, ಮೂರು ಮಿ.ಮೀ.ಗಿಂತ ತುಸು ಜಾಸ್ತಿ. ಕೊಯ್ದ 1 ಇಂಚಿನ ಹಲಗೆ ರಂದಾ ಹೊಡೆದ ಮೇಲೆ 20ರಿಂದ 22 ಮಿ.ಮೀ. ಉಳಿಯುತ್ತದೆ. ನಮಗೆ ಬೇಕಾದದ್ದೂ ಅದೇ. ಕಾಲುಗಳಿಗೆ ಎರಡು ಇಂಚಿನ ತುಂಡೊಂದು ಬೇರೆ ತನ್ನಿ.

ಹಲಗೆ ಆರಿಸುವಾಗ ಮೇಲ್ಮೈ ನೋಡಿ ಮರುಳಾಗಬೇಡಿ, ತುದಿ ನೋಡಿ. ತುದಿಯಲ್ಲಿ ಉಂಗುರಗಳು ಬಿಲ್ಲಿನ ಹಾಗೆ ಬಾಗಿದ್ದರೆ ಆ ಹಲಗೆ ಹೆಚ್ಚು ಉಬ್ಬುತ್ತದೆ, ಹೆಚ್ಚು ಕುಗ್ಗುತ್ತದೆ. ಗೆರೆಗಳು ದಪ್ಪದ ದಿಕ್ಕಿಗೆ ನೆಟ್ಟಗೆ ನಿಂತಿದ್ದರೆ ಅರ್ಧದಷ್ಟೇ ಆಟ. ನೆಟ್ಟಗಿನದು ಸಿಕ್ಕರೆ ನಾಲ್ಕು ರೂಪಾಯಿ ಹೆಚ್ಚು ಕೊಟ್ಟು ತನ್ನಿ. ನಡುತಿರುಳು ಕಾಣುವ ಹಲಗೆ ಬಿಟ್ಟಿ ಕೊಟ್ಟರೂ ಬೇಡ, ಅದು ಅಲ್ಲೇ ಸೀಳುತ್ತದೆ.

ಹಳೇ ಮನೆ ಕೆಡವಿದ ಬಾಗಿಲು, ತೊಲೆ ಸಿಕ್ಕರೆ ಅದೃಷ್ಟ. ವರ್ಷಗಟ್ಟಲೆ ಒಣಗಿದ ಮರ ಅದು. ಕೊಯ್ಯುವ ಮುಂಚೆ ಅಯಸ್ಕಾಂತ ಆಡಿಸಿ, ಒಳಗೆ ಮುರಿದ ಮೊಳೆ ಇದ್ದೇ ಇರುತ್ತವೆ.

ಎಚ್ಚರಿಕೆಯ ಗುರುತುಗಳು: ಸಣ್ಣ ತೂತಿನ ಕೆಳಗೆ ಹಿಟ್ಟಿನಂಥ ಹೊಸ ಪುಡಿ ಬಿದ್ದಿದ್ದರೆ ಒಳಗೆ ಹುಳ ಜೀವಂತವಾಗಿದೆ. ಕೆನ್ನೆಗೆ ಹಚ್ಚಿದಾಗ ಹಲಗೆ ತಣ್ಣಗೆ, ಪಕ್ಕದ್ದಕ್ಕಿಂತ ಭಾರವಾಗಿ ಇದ್ದರೆ ಹಸಿ. "ಪೂರಾ ಸುಕಾ ಅದ್ರಿ ಸಾಹೇಬ್ರ" ಎಂಬ ಮಾತನ್ನು ಕಿವಿಯಲ್ಲಿ ಕೇಳಿ, ತಕ್ಕಡಿಯಲ್ಲಿ ನಂಬಿ.

ಹಂತ 2: ನೆರಳಲ್ಲಿ ಒಣಗಿಸಿ, ವಾರಕ್ಕೊಮ್ಮೆ ತೂಗಿ

ಅತಿ ಹೆಚ್ಚು ಮಣೆಗಳು ಕೆಡುವುದು ಮಾಳಗಿಯ (ತಾರಸಿಯ) ಮೇಲೆ. 42 ಡಿಗ್ರಿ ಬಿಸಿಲಿಗೆ ಹಲಗೆ ಇಟ್ಟರೆ ಹಪ್ಪಳದ ಹಾಗೆ ಬೇಗ ಒಣಗುತ್ತದೆ ಅಂತ ಲೆಕ್ಕ. ಹಪ್ಪಳದ ಹಾಗೇ ಸೊಟ್ಟಗೂ ಆಗುತ್ತದೆ. ಮೇಲಿನ ಪದರ ಒಣಗಿ ಕುಗ್ಗಲು ನೋಡುತ್ತದೆ, ಒಳಗಿನದು ಇನ್ನೂ ಹಸಿ, ನಡುವೆ ಬಿರುಕು ಬಿಡುತ್ತದೆ.

ಗಾಳಿಯಾಡುವ ನೆರಳು ಬೇಕು: ಪಡಸಾಲೆ, ಜಿನೆ (ಮೆಟ್ಟಿಲು) ಕೆಳಗಿನ ಜಾಗ, ಕಿಟಕಿ ಇರುವ ಸಾಮಾನಿನ ಕೋಣೆ. ಹಲಗೆಯನ್ನು ಶಹಾಬಾದ್ ಫರಸಿಯ (ನೆಲದ ಹಾಸುಗಲ್ಲಿನ) ಮೇಲೆ ನೇರವಾಗಿ ಮಲಗಿಸಬೇಡಿ. ಕೆಳಗಿನ ಮೈಗೆ ಗಾಳಿ ಸಿಗದೆ ಮೇಲಿನದು ಮಾತ್ರ ಒಣಗಿ ಹಲಗೆ ದೋಣಿಯಾಗುತ್ತದೆ. ಮುಕ್ಕಾಲು ಇಂಚಿನ ಒಂದೇ ದಪ್ಪದ ಮೂರು ಪಟ್ಟಿ ಅಡ್ಡ ಇಟ್ಟು ಅವುಗಳ ಮೇಲೆ ಹಲಗೆ, ಹಲಗೆಯ ಮೇಲೆ ಮತ್ತೆ ಮೂರು ಪಟ್ಟಿ, ಅದರ ಮೇಲೆ ಒಂದೆರಡು ಇಟ್ಟಿಗೆ. ಮೇಲಿನ ಪಟ್ಟಿ ಕೆಳಗಿನ ಪಟ್ಟಿಯ ನೇರಕ್ಕೇ ಬರಬೇಕು.

ಎರಡೂ ತುದಿಗೆ ಉಳಿದ ಬಣ್ಣವನ್ನೋ ಕರಗಿಸಿದ ಮೇಣವನ್ನೋ ದಪ್ಪಗೆ ಬಳಿಯಿರಿ. ಮರದ ನೀರು ಮೈಯಿಂದ ಹೋಗುವುದಕ್ಕಿಂತ ತುದಿಯಿಂದ ಎಷ್ಟೋ ಪಟ್ಟು ಬೇಗ ಹೋಗುತ್ತದೆ. ಬಳಿಯದಿದ್ದರೆ ತುದಿಯಿಂದ ಮೂರು ನಾಲ್ಕು ಇಂಚು ಸೀಳಿ ದಂಡ.

ತೂಕ ನೋಡುವುದು ಬಹಳ ಸುಲಭ, ಆದರೆ ಯಾರೂ ಮಾಡುವುದಿಲ್ಲ. ಬ್ಯಾಗು ತೂಗುವ ಕೊಕ್ಕೆ ತಕ್ಕಡಿ ಸಾಕು. ಪ್ರತಿ ಭಾನುವಾರ ತೂಗಿ ಹಲಗೆಯ ಮೇಲೇ ಪೆನ್ಸಿಲ್‌ನಿಂದ ಬರೆಯಿರಿ. ನನ್ನದು ಬಂದ ದಿನ 5.3 ಕೆ.ಜಿ. ಇತ್ತು. ಆಮೇಲೆ 5.1, 4.95, 4.85 ಹೀಗೆ ಇಳಿಯುತ್ತ ಬಂದು ಹತ್ತನೇ ವಾರ 4.7ಕ್ಕೆ ನಿಂತಿತು. ಮೂರು ವಾರ ಸತತ ಒಂದೇ ತೂಕ ಬಂದರೆ ಹಲಗೆ ನಿಮ್ಮ ಮನೆಯ ಗಾಳಿಗೆ ಹೊಂದಿಕೊಂಡಿದೆ ಅಂತ ಅರ್ಥ. ಇಳಿಯುತ್ತಲೇ ಇದ್ದರೆ ಕೈ ಹಚ್ಚಬೇಡಿ.

ಇನ್ನೊಂದು ಮಾತು, ಇದು ನಮ್ಮ ಕಡೆಯವರಿಗೇ. ಕೂಲರ್ ಇರುವ ಕೋಣೆಯಲ್ಲಿ ಹಲಗೆ ಇಡಬೇಡಿ. ಹೊರಗೆ ಬೆಂಕಿಯಂಥ ಒಣಗಾಳಿ, ಕೂಲರ್ ಮುಂದೆ ಮಳೆಗಾಲ. ಹಗಲು ಕುಡಿದ ನೀರನ್ನು ಹಲಗೆ ರಾತ್ರಿ ಬಿಡುತ್ತ ಕೂರುತ್ತದೆ, ತೂಕ ಎಂದಿಗೂ ನಿಲ್ಲುವುದಿಲ್ಲ.

ಹಂತ 3: ಮರ ಒಣಗುವಾಗ ಸಾಮಾನು ಜೋಡಿಸಿ

ಇದೇ ಮಣೆಗೆ ಬೇಕಾದದ್ದು ಇಷ್ಟೇ: 12 ಮತ್ತು 25 ಮಿ.ಮೀ.ನ ಎರಡು ಉಳಿ, ಕೊಡತಿ (ಮರದ ಸುತ್ತಿಗೆ), 14 ಇಂಚಿನ ಐದನೇ ನಂಬರಿನ ಕಬ್ಬಿಣದ ರಂದಾ, ಒಂದು ಕೈಗರಗಸ, 6 ಇಂಚಿನ ಗುಣ್ಯಾ (ಲಂಬಕೋನ ನೋಡುವ ಪಟ್ಟಿ), ಮಾರ್ಕಿಂಗ್ ಗೇಜ್ (ಅಂಚಿನಿಂದ ಒಂದೇ ದೂರಕ್ಕೆ ಗೆರೆ ಎಳೆಯುವ ಸಾಧನ), ಸ್ಟೀಲ್ ಪಟ್ಟಿ, ಚಾಕು, ದುಂಡು ಅರ, ಎರಡು ಜಿ ಕ್ಲಾಂಪ್. ಕರೆಂಟಿನ ಸಾಮಾನಿನಲ್ಲಿ ಡ್ರಿಲ್ ಒಂದೇ. ಅದರ ಜೊತೆ 3 ಮತ್ತು 4.5 ಮಿ.ಮೀ. ಬಿಟ್, 16 ಮಿ.ಮೀ. ಚಪ್ಪಟೆ ಸ್ಪೇಡ್ ಬಿಟ್.

ಹತ್ತು ಉಳಿಯ ಅಗ್ಗದ ಸೆಟ್ಟಿಗಿಂತ ಒಳ್ಳೆಯ ಎರಡು ಉಳಿ ಮೇಲು. ಕೊಳ್ಳುವಾಗ ಉಳಿಯ ಚಪ್ಪಟೆ ಬೆನ್ನಿಗೆ ಸ್ಟೀಲ್ ಪಟ್ಟಿ ಹಚ್ಚಿ ಬೆಳಕಿಗೆ ಹಿಡಿಯಿರಿ. ನಡುವೆ ಸ್ವಲ್ಪ ತಗ್ಗಿದ್ದರೆ ನಡೆಯುತ್ತದೆ. ಉಬ್ಬಿದ್ದರೆ ವಾಪಸ್ ಇಡಿ, ಉಬ್ಬಿದ ಬೆನ್ನನ್ನು ಮಟ್ಟ ಮಾಡುತ್ತ ನಿಮ್ಮ ಬೆನ್ನೇ ಹೋಗುತ್ತದೆ. ರಂದಾದಲ್ಲಿ ಕಟ್ಟಿಗೆಯದು ಹಗುರ ಮತ್ತು ಅಗ್ಗ, ಹಳೇ ಬಡಿಗರ ಕೈಯಲ್ಲಿ ಅದು ಹಾಡುತ್ತದೆ. ಆದರೆ ಅದರ ತಗಡನ್ನು (ಹೆರೆಯುವ ಬ್ಲೇಡನ್ನು) ಸುತ್ತಿಗೆಯಿಂದ ತಟ್ಟಿ ಕೂಡಿಸಬೇಕು. ಹೊಸಬರಿಗೆ ತಿರುಪಿನಿಂದ ಏರಿಸಿ ಇಳಿಸುವ ಕಬ್ಬಿಣದ್ದೇ ಸರಿ.

ಗುಣ್ಯಾವನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಪ್ಲೈ ತುಂಡಿನ ನೇರ ಅಂಚಿಗೆ ಹಚ್ಚಿ ಒಂದು ಗೆರೆ ಎಳೆಯಿರಿ, ಗುಣ್ಯಾ ಮಗ್ಗಲು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು. ಎರಡೂ ಒಂದರ ಮೇಲೊಂದು ಕೂತರೆ ತಗೊಳ್ಳಿ. ಬಾಯಿ ತೆರೆದ ಕತ್ತರಿಯ ಹಾಗೆ ಬೇರೆಯಾದರೆ ಅದು ಸುಳ್ಳು ಗುಣ್ಯಾ. ಅಂಗಡಿಯವರು ಮುಖ ಸಣ್ಣ ಮಾಡುತ್ತಾರೆ, ಮಾಡಲಿ.

ಒಂದು ವಿಷಯದಲ್ಲಿ ನನಗೆ ರಾಜಿ ಇಲ್ಲ. ಕಬ್ಬಿಣ ಕೊಯ್ಯುವ ಕೈ ಗ್ರೈಂಡರಿಗೆ ಹಲ್ಲಿನ ಬ್ಲೇಡ್ ಹಾಕಿ ಮರ ಕೊಯ್ಯಬೇಡಿ. ಎಳೆಯಲ್ಲಿ ಬ್ಲೇಡು ಸಿಕ್ಕಿಬಿದ್ದರೆ ಮಷೀನು ಎದೆ ಕಡೆಗೆ, ಮುಖದ ಕಡೆಗೆ ಎಗರುತ್ತದೆ. ಬಳಸುವವರನ್ನು ದಿನಾ ನೋಡುತ್ತೀರಿ, ನಿಜ. ಅವರ ಕೈಬೆರಳನ್ನೂ ಎಣಿಸಿ. ಡ್ರಿಲ್ ಹಿಡಿಯುವಾಗಲೂ ಕೊರಳ ಟವೆಲ್ಲು, ಸಡಿಲ ತೋಳು, ಸೆರಗು ದೂರ ಇರಲಿ. ಉಜ್ಜುವ ಕೆಲಸಕ್ಕೆ ಮಾಸ್ಕ್ ಹಾಕಿ, ಸಾಗವಾನಿ ಪುಡಿ ಕೆಲವರಿಗೆ ಚರ್ಮದ ಮೇಲೂ ತುರಿಕೆ ಎಬ್ಬಿಸುತ್ತದೆ.

ಹಂತ 4: ಅಲುಗದ ಮೇಜು

ಮಂಚದ ಮೇಲೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ರಂದಾ ಹೊಡೆಯಲಾಗದು. ನಿಮ್ಮ ಬಲವೆಲ್ಲ ಅಲುಗಾಟಕ್ಕೆ ಹೋಗುತ್ತದೆ. ಹಳೇ ಗಟ್ಟಿ ಮೇಜೊಂದನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಕೆಳಗಿನ ಅಡ್ಡಪಟ್ಟಿಯ ಮೇಲೆ ಒಂದು ಚೀಲ ಉಸುಕು ಇಡಿ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಬರುವ ಎತ್ತರ ರಂದಾಗೆ ಚೆಂದ. ಎಡ ತುದಿಯಲ್ಲಿ 12 ಮಿ.ಮೀ. ದಪ್ಪದ ಪಟ್ಟಿಯೊಂದನ್ನು ಸ್ಕ್ರೂ ಹಾಕಿ ಕೂಡಿಸಿ, ಹಲಗೆ ಅದಕ್ಕೆ ಒರಗಿ ನಿಲ್ಲುತ್ತದೆ. ಎಡಗೈಯವರು ಬಲಕ್ಕೆ ಹಾಕಿಕೊಳ್ಳಿ. ಬೆಂಚ್ ವೈಸ್ ಆಮೇಲೆ ಕೊಂಡರಾಯಿತು.

ಹಂತ 5: ಉಳಿಯನ್ನೂ ರಂದಾ ತಗಡನ್ನೂ ಮಸೆಯಿರಿ

ಅಂಗಡಿಯಿಂದ ತಂದ ಉಳಿ ಹರಿತವಾಗಿರುವುದಿಲ್ಲ. ಅದಕ್ಕೆ ಆಕಾರ ಮಾತ್ರ ಕೊಟ್ಟಿರುತ್ತಾರೆ, ಬಾಯಿ ಮಾಡಿಕೊಳ್ಳುವುದು ನಿಮ್ಮ ಕೆಲಸ. "ನನ್ನ ಉಳಿ ಕೆಲಸ ಮಾಡಲ್ಲ" ಅಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಅದನ್ನು ಕಲ್ಲಿಗೇ ಮುಟ್ಟಿಸಿರುವುದಿಲ್ಲ. ಈ ಹಂತಕ್ಕೆ ಒಂದು ಪೂರ್ತಿ ಭಾನುವಾರ ಎತ್ತಿಡಿ.

ಬೇಕಾದದ್ದು: 8 ಮಿ.ಮೀ.ಗಿಂತ ಕಡಿಮೆಯಿಲ್ಲದ ಗಾಜಿನ ತುಂಡು, 220, 400, 1000, 2000 ನಂಬರಿನ ನೀರು ಕಾಗದ (ನೀರು ಹಾಕಿ ಉಜ್ಜುವ ಮರಳು ಕಾಗದ), ಹಳೇ ಚರ್ಮದ ಬೆಲ್ಟು. ಗಾಜಿನ ಅಂಗಡಿಯಲ್ಲಿ ಕೊಯ್ದುಳಿದ ಚೂರು ಅಗ್ಗಕ್ಕೆ ಸಿಗುತ್ತದೆ, ಅಂಚು ಉಜ್ಜಿಸಿ ತನ್ನಿ. ಅಡುಗೆ ಕಟ್ಟೆಯ ಗ್ರಾನೈಟೂ ನಡೆಯುತ್ತದೆ, ಮನೆಯವರ ಒಪ್ಪಿಗೆ ಇದ್ದರೆ. ಶಹಾಬಾದ್ ಕಲ್ಲು ಮಾತ್ರ ಬೇಡ. ಕಣ್ಣಿಗೆ ಮಟ್ಟ ಕಂಡರೂ ಅದರಲ್ಲಿ ಏರಿಳಿತ ಇರುತ್ತದೆ.

ಮೊದಲು ಬೆನ್ನು. ಕಾಗದಕ್ಕೆ ನೀರು ಚಿಮುಕಿಸಿ ಗಾಜಿಗೆ ಅಂಟಿಸಿ. ಉಳಿಯ ಚಪ್ಪಟೆ ಬೆನ್ನಿನ ತುದಿಯ ಎರಡು ಮೂರು ಸೆಂ.ಮೀ. ಭಾಗವನ್ನು ಅದರ ಮೇಲೆ ಪೂರ್ತಿ ಮಲಗಿಸಿ ಉಜ್ಜಿ. 220ರಿಂದ ಶುರು ಮಾಡಿ ಒಂದೊಂದೇ ನಂಬರ್ ಏರಿಸಿ. ಬಾಯಂಚಿನ ಉದ್ದಕ್ಕೂ ಒಂದೇ ಥರ ಹೊಳೆದಾಗ ನಿಲ್ಲಿಸಿ, ಇಡೀ ಬೆನ್ನು ಕನ್ನಡಿಯಾಗಬೇಕಿಲ್ಲ. ಇದು ಒಂದು ಉಳಿಗೆ ಒಂದೇ ಸಲ ಮಾಡುವ ಕೆಲಸ.

ಆಮೇಲೆ ಇಳಿಜಾರು. ಕೋನ 25ರಿಂದ 30 ಡಿಗ್ರಿ. ಕೋನಮಾಪಕ ಬೇಡ: ಉಳಿಯ ದಪ್ಪ 3 ಮಿ.ಮೀ. ಇದ್ದರೆ ಇಳಿಜಾರಿನ ಉದ್ದ 6 ಮಿ.ಮೀ. ಬಂದಾಗ 30 ಡಿಗ್ರಿ, 7 ಬಂದಾಗ 25. ಇಳಿಜಾರನ್ನು ಕಾಗದದ ಮೇಲೆ ಕೂಡಿಸಿ, ಅದು ತಾನೇ ಕೂರುವ ಜಾಗ ಬೆರಳಿಗೆ ಗೊತ್ತಾಗುತ್ತದೆ. ಮಣಿಕಟ್ಟು ಬಿಗಿಹಿಡಿದು ಮೊಣಕೈಯಿಂದ ಹಿಂದಕ್ಕೆ ಎಳೆಯಿರಿ. ಕೈ ತೂಗಿದರೆ ಇಳಿಜಾರು ಗುಂಡಗಾಗುತ್ತದೆ, ಗುಂಡಗಾದ ಉಳಿ ಮರದ ಮೇಲೆ ಜಾರುತ್ತದೆಯೇ ಹೊರತು ಕಚ್ಚುವುದಿಲ್ಲ. ಸ್ಕೆಚ್ ಪೆನ್ನಿನಿಂದ ಇಳಿಜಾರಿಗೆ ಬಣ್ಣ ಬಳಿದು ನಾಲ್ಕು ಸಲ ಎಳೆದು ನೋಡಿ. ಬಣ್ಣ ಎಲ್ಲಿ ಅಳಿಸಿದೆಯೋ ಅಲ್ಲೇ ತಾಗುತ್ತಿದೆ.

ಎಷ್ಟು ಹೊತ್ತು ಮಸೆಯಬೇಕು? ಬೆನ್ನಿನ ಕಡೆ ಬೆರಳನ್ನು ಒಳಗಿನಿಂದ ಅಂಚಿನ ಆಚೆಗೆ ಮೆಲ್ಲಗೆ ಸವರಿದರೆ ಗರಗರ ಅನ್ನುವ ತೆಳು ಮಡಿಕೆ ಸಿಗಬೇಕು. ಅದಕ್ಕೆ ಬರ್ ಅನ್ನುತ್ತಾರೆ. ಅಂಚಿನ ಈ ಕೊನೆಯಿಂದ ಆ ಕೊನೆಯವರೆಗೂ ಅದು ಸಿಗುವ ತನಕ ಮುಂದಿನ ನಂಬರಿಗೆ ಹೋಗಬೇಡಿ. ಅವಸರ ಮಾಡುವವರೆಲ್ಲ ಎಡವುವುದು ಇಲ್ಲೇ. ಬರ್ ಬಂದಿಲ್ಲ ಅಂದರೆ ನೀವಿನ್ನೂ ಅಂಚಿಗೆ ಮುಟ್ಟೇ ಇಲ್ಲ, 2000 ನಂಬರಿನಲ್ಲಿ ಅರ್ಧ ತಾಸು ಉಜ್ಜಿದರೂ ಹೊಳೆಯುವ ಮೊಂಡು ಉಳಿಯೇ ಕೈಗೆ ಬರುವುದು.

ಕೊನೆಗೆ ಬೆನ್ನನ್ನು 2000ದ ಮೇಲೆ ಚಪ್ಪಟೆ ಇಟ್ಟು ಎರಡು ಸಲ ಎಳೆದು, ಬೆಲ್ಟಿನ ಒರಟು ಮಗ್ಗಲ ಮೇಲೆ ಹತ್ತು ಹನ್ನೆರಡು ಸಲ ಹಿಂದಕ್ಕೆ ಮಾತ್ರ ಎಳೆಯಿರಿ. ಮುಂದಕ್ಕೆ ತಳ್ಳಿದರೆ ಬೆಲ್ಟು ಎರಡಾಗುತ್ತದೆ. ಪರೀಕ್ಷೆ ಹೆಬ್ಬೆರಳ ಮೇಲೆ ಬೇಡ. ಪೈನ್ ತುಂಡಿನ ತುದಿಯನ್ನು, ಎಂದರೆ ಎಳೆಗೆ ಅಡ್ಡವಾದ ಮುಖವನ್ನು, ಬರೀ ಕೈಬಲದಿಂದ ತೆಳ್ಳಗೆ ಹೆರೆಯಿರಿ. ಹೆರೆದ ಜಾಗ ಮೇಣ ಸವರಿದ ಹಾಗೆ ಹೊಳೆದರೆ ಹರಿತ. ಪುಡಿ ಉದುರಿ ಬಿಳಿಚಿಕೊಂಡರೆ ಮತ್ತೆ 400ರಿಂದ.

ಬಾಯಿ ಚಕ್ಕೆ ಹಾರಿದಾಗ ಮಾತ್ರ ಸಾಣೆ ಚಕ್ರ. ಒಮ್ಮೆ ಆಲಸ್ಯಕ್ಕೆ ನನ್ನ ಉಳಿಯನ್ನು ಸಾಣೆ ಹಿಡಿಯುವವರೊಬ್ಬರ ಕೈಗೆ ಕೊಟ್ಟೆ. ಕಿಡಿ ಹಾರಿ, ಒಂದೇ ನಿಮಿಷಕ್ಕೆ ಬಾಯಿ ಬಂತು, ಅಂಚಿನಲ್ಲಿ ನವಿಲುಗರಿಯಂಥ ನೀಲಿ ಬಣ್ಣವೂ ಬಂತು. ಆ ನೀಲಿ ಅಂದರೆ ಉಕ್ಕಿನ ಹದ ಹೋಯಿತು ಅಂತ. ಎರಡು ಏಟಿಗೇ ಬಾಯಿ ಮಡಚಿಕೊಳ್ಳುತ್ತಿತ್ತು. ನೀಲಿ ಭಾಗ ಪೂರ್ತಿ ಸವೆಸಿ ತೆಗೆಯುವವರೆಗೆ ಅದು ಉಳಿಯೇ ಅಲ್ಲ. ಚಕ್ರಕ್ಕೆ ಹಿಡಿದರೆ ಎರಡೆರಡು ಸೆಕೆಂಡಿಗೆ ನೀರಲ್ಲಿ ಅದ್ದಿ, ಬೆರಳಿಗೆ ಬಿಸಿ ತಾಗುವ ಮುಂಚೆಯೇ.

ರಂದಾ ತಗಡಿಗೂ ಇದೇ ವಿಧಾನ. ಎರಡು ಮೂಲೆಯನ್ನು ಮಾತ್ರ ಒಂದೆರಡು ಎಳೆತ ಹೆಚ್ಚು ಮಸೆದು ಚೂರು ಗುಂಡಗೆ ಮಾಡಿ, ಇಲ್ಲದಿದ್ದರೆ ಹಲಗೆ ಮೇಲೆ ಬಂಡಿ ಜಾಡಿನ ಹಾಗೆ ಗೆರೆ ಬೀಳುತ್ತದೆ.

ಹಂತ 6: ಹಲಗೆ ಮಟ್ಟ ಮಾಡುವುದು

ಒಣಗಿದ ಹಲಗೆಯನ್ನು 480 ಮಿ.ಮೀ. ಉದ್ದಕ್ಕೆ ಕೊಯ್ದುಕೊಳ್ಳಿ, 30 ಮಿ.ಮೀ. ಹೆಚ್ಚಿಗೇ ಇರಲಿ. ಮೇಜಿನ ಮೇಲಿಟ್ಟು ಮೂಲೆ ಒತ್ತಿ. ಟಕಟಕ ಅಂದರೆ ತಿರುಚಿದೆ. ಅಲ್ಯೂಮಿನಿಯಂ ಪಟ್ಟಿಯ ಎರಡು ತುಂಡನ್ನು ಹಲಗೆಯ ಎರಡು ಕೊನೆಗೆ ಅಡ್ಡ ಇಟ್ಟು, ಬಗ್ಗಿ ಒಂದರ ಮೇಲಂಚಿನಿಂದ ಇನ್ನೊಂದನ್ನು ನೋಡಿ. ಎರಡೂ ಅಂಚು ಸಮ ಕಂಡರೆ ಸರಿ. ಒಂದು ಮಗ್ಗಲು ಎದ್ದು ಕಂಡರೆ ಆ ಮೂಲೆಗೂ ಅದಕ್ಕೆ ಓರೆಯಾಗಿ ಎದುರಿರುವ ಮೂಲೆಗೂ ಪೆನ್ಸಿಲ್ ಗೀಚಿ, ಮೊದಲು ಅಲ್ಲಿಂದ ತೆಗೆಯಿರಿ.

ಎಳೆಯ ದಿಕ್ಕು ಹಲಗೆಯ ಮಗ್ಗಲಲ್ಲಿ ಕಾಣುತ್ತದೆ. ಗೆರೆಗಳು ಯಾವ ಕಡೆಗೆ ಏರುತ್ತವೋ ಆ ಕಡೆಗೆ ರಂದಾ ಹೊಡೆಯಬೇಕು. ಜೋಳದ ಗರಿಯನ್ನು ಬುಡದಿಂದ ತುದಿಗೆ ಸವರಿದರೆ ನುಣುಪು, ತುದಿಯಿಂದ ಬುಡಕ್ಕೆ ಸವರಿದರೆ ಕೈ ಕೊಯ್ಯುತ್ತದಲ್ಲ, ಮರವೂ ಅಷ್ಟೆ. ಸರಿಯಾದ ದಿಕ್ಕಿನಲ್ಲಿ ಸರ್ರ್ ಎಂಬ ಸದ್ದು, ಉದ್ದ ಸುರುಳಿ. ತಪ್ಪಿದರೆ ಚಟಚಟ ಸದ್ದು, ಕಿತ್ತುಹೋದ ಮೈ. ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಚಟಚಟ ಕೇಳಿದ ಕೂಡಲೇ ನಿಲ್ಲಿಸಿ ಹಲಗೆ ತಿರುಗಿಸಿ.

ಮೊದಲು ಮೂಲೆಯಿಂದ ಮೂಲೆಗೆ ಓರೆಯಾಗಿ, ಆಮೇಲೆ ಉದ್ದಕ್ಕೆ. ತಗಡು ಕೂದಲೆಳೆಯಷ್ಟೇ ಹೊರಗಿರಲಿ. ಶುರುವಿನಲ್ಲಿ ಭಾರ ಮುಂದಿನ ಕೈಗೆ, ಕೊನೆಯಲ್ಲಿ ಹಿಂದಿನ ಕೈಗೆ. ಇದನ್ನು ಮರೆತರೆ ಎರಡು ತುದಿ ಇಳಿದು ನಡು ಉಬ್ಬುತ್ತದೆ. ರಂದಾದ ತಳಕ್ಕೆ ಮೇಣದಬತ್ತಿ ಎರಡು ಗೀಟು ಎಳೆದು ನೋಡಿ, ಅರ್ಧ ಶ್ರಮ ಉಳಿಯುತ್ತದೆ. ಒಂದು ಮುಖ ಮಟ್ಟವಾದ ಮೇಲೆ ಗೇಜ್‌ನಿಂದ ಸುತ್ತ 20 ಮಿ.ಮೀ. ಗೆರೆ ಎಳೆದು ಇನ್ನೊಂದು ಮುಖ ಇಳಿಸಿ. ಎರಡೂ ಮುಖದಿಂದ ಹೆಚ್ಚುಕಡಿಮೆ ಸಮ ತೆಗೆಯಿರಿ, ಒಂದೇ ಕಡೆಯಿಂದ ತೆಗೆದರೆ ಮರುದಿನ ಹಲಗೆ ಬಾಗಿರುತ್ತದೆ. ರಾತ್ರಿ ಹಲಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿಡಿ.

ಹಂತ 7: ಗುರುತು, ಕೊಯ್ತ

ಪೆನ್ಸಿಲ್ ಗೆರೆ ದಪ್ಪ, ಚಾಕುವಿನ ಗೆರೆ ತೆಳು. ಅಡ್ಡ ಕೊಯ್ಯುವಲ್ಲಿ ಗುಣ್ಯಾ ಹಿಡಿದು ಚಾಕುವಿನಿಂದ ನಾಲ್ಕೂ ಮುಖಕ್ಕೆ ಗೆರೆ ಕೊರೆಯಿರಿ. ಗರಗಸ ಗೆರೆಯ ಮೇಲಲ್ಲ, ಎಸೆಯುವ ತುಂಡಿನ ಕಡೆ ಇರಲಿ. ಉಳಿದ ಅರ್ಧ ಮಿ.ಮೀ. ರಂದಾಗೆ. ತುದಿಗೆ ರಂದಾ ಹೊಡೆಯುವಾಗ ಎರಡೂ ಅಂಚಿನಿಂದ ನಡುವಿಗೆ ಬನ್ನಿ. ಒಂದೇ ಕಡೆಯಿಂದ ಆಚೆ ದಾಟಿಸಿದರೆ ಮೂಲೆ ಚಕ್ಕೆ ಹಾರುತ್ತದೆ.

ಹಂತ 8: ಕಾಲು ಕೂಡಿಸುವುದು, ಸೀಳು ತಪ್ಪುವುದು ಇಲ್ಲಿ

ಮರ ಉದ್ದಕ್ಕೆ ಬೆಳೆಯುವುದೂ ಇಲ್ಲ, ಕುಗ್ಗುವುದೂ ಇಲ್ಲ ಅನ್ನುವಷ್ಟು ಕಡಿಮೆ. ಆಟವೆಲ್ಲ ಅಗಲದಲ್ಲಿ. ಗಾಳಿಯ ತೇವ ಶೇ. 70 ಇದ್ದಾಗ ಮರದೊಳಗೆ ಸುಮಾರು ಶೇ. 13 ನೀರು ನಿಲ್ಲುತ್ತದೆ, ಗಾಳಿ ಒಣಗಿ ಶೇ. 30ಕ್ಕೆ ಇಳಿದರೆ ಮರದಲ್ಲಿ ಸುಮಾರು ಶೇ. 6. ಈ ಏರಿಳಿತಕ್ಕೆ 300 ಮಿ.ಮೀ. ಅಗಲದ, ಬಿಲ್ಲಿನ ಉಂಗುರದ ಸಾಗವಾನಿ ಹಲಗೆ 3ರಿಂದ 4 ಮಿ.ಮೀ. ಆಡುತ್ತದೆ. ಕೆಳಗಿನ ಕಾಲಿನ ಎಳೆ ಅಡ್ಡಕ್ಕಿದೆ, ಅದು ಆಡುವುದಿಲ್ಲ. ಹಲಗೆಯನ್ನು ಅದಕ್ಕೆ ಫೆವಿಕಾಲ್ ಹಚ್ಚಿ ಮೊಳೆ ಜಡಿದರೆ ಯಾವುದಾದರೂ ಒಂದು ಸೋಲಲೇಬೇಕು. ಸೋಲುವುದು ಹಲಗೆ.

ಆದ್ದರಿಂದ ಇಲ್ಲಿ ಅಂಟು ಒಂದು ಹನಿಯೂ ಬೇಡ. ಸ್ಕ್ರೂ ಹಾಕಬೇಕು, ಅದಕ್ಕೆ ಓಡಾಡಲು ಜಾಗವನ್ನೂ ಬಿಡಬೇಕು.

ಕಾಲುಗಳು ಒಂದೊಂದೂ 280 ಮಿ.ಮೀ. ಉದ್ದ, 45 ಎತ್ತರ, 35 ದಪ್ಪ. ಕೂಡಿಸುವ ಮುಂಚೆಯೇ ಕಾಲಿನ ತಳದ ನಡುಭಾಗವನ್ನು ಕಮಾನಿನ ಹಾಗೆ 8 ಮಿ.ಮೀ. ಕೊರೆದುಬಿಡಿ, ಎರಡು ತುದಿಯಲ್ಲಿ 60 ಮಿ.ಮೀ. ಮಾತ್ರ ನೆಲಕ್ಕೆ ತಾಗಲಿ. ಮುಂದಿನ ಹಂತದಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಪ್ರತಿ ಕಾಲಿಗೆ ಮೂರು ಸ್ಕ್ರೂ: ನಟ್ಟನಡುವೆ ಒಂದು, ಎರಡು ತುದಿಯಿಂದ 30 ಮಿ.ಮೀ. ಒಳಗೆ ಒಂದೊಂದು. ತಳದ ಕಡೆಯಿಂದ ಮೊದಲು 16 ಮಿ.ಮೀ. ಸ್ಪೇಡ್ ಬಿಟ್‌ನಿಂದ ಗುಂಡಿ ತೋಡಿ. ತುದಿಯ ಗುಂಡಿಗಳು 20 ಮಿ.ಮೀ. ಆಳ, ನಡುವಿನದು ಕಮಾನಿನ ಕಾರಣ 12 ಸಾಕು. ಗುಂಡಿಯ ಮೇಲೆ ಮೂರರಲ್ಲೂ 25 ಮಿ.ಮೀ. ಮರ ಉಳಿಯಬೇಕು. ಸಣ್ಣ ತೂತು ಮೊದಲು ಕೊರೆದರೆ ಸ್ಪೇಡ್ ಬಿಟ್ಟಿನ ಮುಳ್ಳಿಗೆ ಹಿಡಿತ ಸಿಗದೆ ಅದು ಕುಣಿಯುತ್ತದೆ, ಕ್ರಮ ನೆನಪಿರಲಿ.

ಈಗ ನಡುಗುಂಡಿಯಲ್ಲಿ 4.5 ಮಿ.ಮೀ. ಬಿಟ್‌ನಿಂದ ಒಂದು ಗುಂಡು ತೂತು ಆಚೆಗೆ ದಾಟಿಸಿ. ಅಕ್ಕಪಕ್ಕದ ಗುಂಡಿಗಳಲ್ಲಿ ಕಾಲಿನ ಉದ್ದದ ದಿಕ್ಕಿಗೆ, ಕೇಂದ್ರದಿಂದ ಎರಡೂವರೆ ಮಿ.ಮೀ. ಆಚೆ ಈಚೆ, ಎರಡೆರಡು ತೂತು. ನಡುವಿನ ತೆಳು ಗೋಡೆಯನ್ನು ದುಂಡು ಅರದಿಂದ ಉಜ್ಜಿ ತೆಗೆಯಿರಿ. ತೂತು ಈಗ ಭತ್ತದ ಕಾಳಿನ ಹಾಗೆ ಉದ್ದುದ್ದ ಆಯಿತು. ಸ್ಕ್ರೂ ಓಡಾಡುವುದು ಇದರೊಳಗೆ.

ಹಲಗೆಯ ಕೆಳಮುಖದಲ್ಲಿ ತುದಿಯಿಂದ 65 ಮಿ.ಮೀ. ಒಳಗೆ ಕಾಲು ಇಟ್ಟು ಕ್ಲಾಂಪ್ ಹಾಕಿ. 3 ಮಿ.ಮೀ. ಬಿಟ್‌ಗೆ ಟೇಪ್ ಸುತ್ತಿ ಆಳ ಗುರುತು ಮಾಡಿಕೊಂಡು ಹಲಗೆಯೊಳಗೆ 14 ಮಿ.ಮೀ. ಮಾತ್ರ ಕೊರೆಯಿರಿ. ಟೇಪ್ ಸುತ್ತದೆ ಕಣ್ಣಳತೆ ನಂಬಿದವರ ಮಣೆ ಮೇಲೆ ಸ್ಕ್ರೂ ಮೂತಿ ಹೊರಗೆ ಬಂದಿರುವ ಫೋಟೊ ನನ್ನ ಹತ್ತಿರ ಮೂರಿವೆ. ಕೂರುವ ಜಾಗ ಅದು! ಸ್ಕ್ರೂ 40 ಮಿ.ಮೀ. ಉದ್ದದ್ದು, ತಲೆ ಚಪ್ಪಟೆ ತಳದ್ದು, ಕೆಳಗೆ ವಾಷರ್. ಲಾಳಿಕೆಯಂತೆ ಇಳಿಜಾರಿರುವ ತಲೆ ತೂತಿಗೆ ಕಚ್ಚಿಕೊಂಡು ಓಡಾಟ ನಿಲ್ಲಿಸುತ್ತದೆ.

ಉದ್ದ ತೂತಿನಲ್ಲಿ ಸ್ಕ್ರೂ ಎಲ್ಲಿ ಕೂರಬೇಕು ಎಂಬುದು ನೀವು ಯಾವ ತಿಂಗಳು ಮಾಡುತ್ತಿದ್ದೀರಿ ಎಂಬುದರ ಮೇಲೆ. ಏಪ್ರಿಲ್‌ನಲ್ಲಿ ಹಲಗೆ ಪೂರ್ತಿ ಕುಗ್ಗಿರುತ್ತದೆ, ಮುಂದೆ ಉಬ್ಬುವುದೊಂದೇ ಅದಕ್ಕೆ ದಾರಿ. ಹಾಗಾಗಿ ಸ್ಕ್ರೂ ನಡುವಿನ ಕಡೆಯ ಕೊನೆಗೆ ಇರಲಿ, ಹೊರಕ್ಕೆ ಸರಿಯಲು ಜಾಗ ಉಳಿಯುತ್ತದೆ. ಆಗಸ್ಟ್‌ನಲ್ಲಿ ಮಾಡಿದರೆ ಇದರ ಉಲ್ಟಾ, ಹೊರಗಿನ ಕೊನೆಗೆ. ಎಳ್ಳಮಾಸಿ ಹೊತ್ತಿಗಾದರೆ ನಡುವೆ. ಸ್ಕ್ರೂ ಬಿಗಿದ ಮೇಲೆ ಒಂದು ಸುತ್ತಿನ ನಾಲ್ಕನೇ ಒಂದು ಪಾಲು ಸಡಿಲಿಸಿ. ನಡುವಿನದು ಮಾತ್ರ ಪೂರ್ತಿ ಬಿಗಿ.

ಹಂತ 9: ಕುಂಟು ತೆಗೆಯುವುದು

ಮಣೆ ಕುಂಟುತ್ತದೆ ಅಂತ ಕಾಲು ಕೊಯ್ಯಲು ಓಡಬೇಡಿ. ಮೊದಲು ನೆಲ ಯಾವುದು ನೋಡಿ. ಫರಸಿ ನೆಲದ ಮೇಲೆ ಒಂದು ಕಲ್ಲಿನಲ್ಲಿ ಕುಂಟಿದ್ದು ಪಕ್ಕದ ಕಲ್ಲಿನಲ್ಲಿ ಸುಮ್ಮನಿರುತ್ತದೆ. ಮಸೆಯಲು ತಂದ ಗಾಜನ್ನೋ ಅಡುಗೆ ಕಟ್ಟೆಯನ್ನೋ ನಂಬಿ. ಅಲ್ಲೂ ಕುಂಟಿದರೆ 80 ನಂಬರ್ ಕಾಗದವನ್ನು ಕಟ್ಟೆಗೆ ಟೇಪ್ ಮಾಡಿ, ಮಣೆಯನ್ನು ಅದರ ಮೇಲೆ ಹಿಂದೆ ಮುಂದೆ ಆಡಿಸಿ. ತಾಗುವುದು ನಾಲ್ಕು ಸಣ್ಣ ಮೂಲೆ ಮಾತ್ರ, ಆದ್ದರಿಂದ ಐದು ನಿಮಿಷದಲ್ಲಿ ಕೂರುತ್ತದೆ. ಕಮಾನು ಕೊರೆಯದವರು ಇಲ್ಲಿ ಇಡೀ ಮಧ್ಯಾಹ್ನ ಕಳೆಯುತ್ತಾರೆ.

ಹಂತ 10: ಎಣ್ಣೆ

ಅಡುಗೆಮನೆಯ ಶೇಂಗಾ ಎಣ್ಣೆ ಸವರಬೇಡಿ. ಅದು ಎಂದಿಗೂ ಒಣಗುವುದಿಲ್ಲ, ಮಣೆ ಜಿಡ್ಡಾಗಿ ದೂಳು ಹಿಡಿದು ಕಮಟು ವಾಸನೆ ಬರುತ್ತದೆ. ಅಗಸಿ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ, ಬೇಕಾದದ್ದು ಅದೇ. ಕುಸುಬಿ ಎಣ್ಣೆಯೂ ಒಣಗುತ್ತದೆ, ತುಸು ನಿಧಾನ. ಅರಿವೆಯಿಂದ ತೆಳ್ಳಗೆ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು, ಮೈ ಮೇಲೆ ಉಳಿದದ್ದನ್ನು ಪೂರ್ತಿ ಒರೆಸಿ. ಒರೆಸದೆ ಬಿಟ್ಟರೆ ಬೆಲ್ಲದ ಪಾಕದ ಹಾಗೆ ಅಂಟು ನಿಲ್ಲುತ್ತದೆ. ಒಮ್ಮೆ ಹಚ್ಚಿದ್ದಕ್ಕೂ ಇನ್ನೊಮ್ಮೆ ಹಚ್ಚುವುದಕ್ಕೂ ನಡುವೆ ವಾರ, ಒಟ್ಟು ಮೂರು ಸಲ. ಕೆಳಮುಖಕ್ಕೂ ಮೇಲಿನಷ್ಟೇ ಹಚ್ಚಿ, ಒಂದೇ ಮುಖಕ್ಕೆ ಹಚ್ಚಿದ ಹಲಗೆ ಬಾಗುತ್ತದೆ.

ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಅಗಸಿ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೋಗಲು ದಾರಿಯಿಲ್ಲದೆ ತಾನೇ ಬೆಂಕಿ ಹತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಮರದ ಪುಡಿ, ಮೇಲೆ ನಮ್ಮ ಮೇ ತಿಂಗಳು. ಅರಿವೆಯನ್ನು ಬಕೆಟ್ ನೀರಲ್ಲಿ ಮುಳುಗಿಸಿ, ಇಲ್ಲವೇ ಹೊರಗೆ ತಂತಿಯ ಮೇಲೆ ಒಂಟಿ ಪದರವಾಗಿ ಹರವಿ. ಗಟ್ಟಿ ರಟ್ಟಿನಂತಾದ ಮೇಲೆ ಕಸಕ್ಕೆ.

ಎಣ್ಣೆ ಒಣಗಿದ ಮೇಲೆ ಮಣೆ ಮಗುಚಿ, ಕಾಲಿನ ತುದಿಯಿಂದ ಹಲಗೆಯ ಅಂಚಿಗೆ ಎಷ್ಟು ಮಿ.ಮೀ. ಇದೆ ಅಳೆದು, ತಿಂಗಳ ಹೆಸರಿನೊಂದಿಗೆ ಅಲ್ಲೇ ಪೆನ್ಸಿಲ್‌ನಿಂದ ಬರೆಯಿರಿ. ಶ್ರಾವಣದಲ್ಲಿ ಒಮ್ಮೆ ಮತ್ತೆ ಅಳೆಯಿರಿ. ನನ್ನ ಎರಡನೇ ಮಣೆಯ ಕೆಳಗೆ ಹೀಗಿದೆ: ಏಪ್ರಿಲ್ 9, ಆಗಸ್ಟ್ ಹತ್ತೂ ಕಾಲು, ಏಪ್ರಿಲ್ 9.